ಪಾಲುದಾರಿಕೆ ವಿಸರ್ಜನೆ ದಾವೆ: ಪ್ಲೇಂಟಿನ ಯಾವ ತಪ್ಪು ಹಿಡಿಯಬೇಕು, ಯಾವುದನ್ನು ಬಿಡಬೇಕು

“ವಕೀಲ್ರ, ನಮ್ಮ ಫರ್ಮ್ ರಜಿಸ್ಟರ್ ಆಗಿಲ್ರಿ. ಈ ದಾವಾ ನಿಲ್ಲೂದಿಲ್ಲ, ಹೌದಿಲ್ರಿ?”

ಭಾಗೀದಾರ ಹಾಕಿದ ದಾವೆಯ ಸಮನ್ಸು ಕೈಗೆ ಬಂದ ದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕೋರ್ಟ್ ಆವರಣಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದು. ನೋಂದಣಿ ಇಲ್ಲದಿದ್ದರೂ ವಿಸರ್ಜನೆಯ ದಾವೆ ಊರ್ಜಿತವಾಗುತ್ತದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಕಲಂ 69 ನೋಂದಣಿಯಾಗದ ಫರ್ಮಿನ ಪಾಲುದಾರನಿಗೆ ಕೋರ್ಟಿನ ಬಾಗಿಲು ಮುಚ್ಚುತ್ತದೆ, ನಿಜ. ಆದರೆ ಅದೇ ಕಲಮಿನ ಉಪಕಲಂ 3(ಎ) ಮೂರು ಹಕ್ಕುಗಳನ್ನು ಹೊರಗಿಟ್ಟಿದೆ: ಫರ್ಮ್ ವಿಸರ್ಜಿಸಲು ಕೇಳುವುದು, ವಿಸರ್ಜನೆಯಾದ ಫರ್ಮಿನ ಲೆಕ್ಕ ಕೇಳುವುದು, ಅದರ ಆಸ್ತಿಯನ್ನು ವಸೂಲು ಮಾಡುವುದು. ಈ ಒಂದು ಸಾಲು ಓದದೆ, ಪ್ಲೇಂಟು (ವಾದಿಯ ದಾವಾ ಪತ್ರ) ತಿರಸ್ಕರಿಸಿ ಎಂದು ಪ್ರತಿವಾದಿ ಹಾಕಿದ ಅರ್ಜಿ ವಜಾ ಆಗುತ್ತದೆ. ಅಷ್ಟರಲ್ಲಿ ಆರು ತಿಂಗಳು ಹೋಗಿರುತ್ತದೆ, ಪ್ರತಿವಾದಿಯ ಮೇಲಿನ ನಂಬಿಕೆಯೂ ಕೋರ್ಟಿಗೆ ಕಡಿಮೆಯಾಗಿರುತ್ತದೆ.

ಹಾಗಂತ ಕಲಂ 69 ಕೆಲಸಕ್ಕೇ ಬರುವುದಿಲ್ಲ ಎಂದಲ್ಲ. ಪ್ಲೇಂಟಿನ ಕೊನೆಯ ಪುಟ ತೆಗೆದು ಪ್ರಾರ್ಥನೆಯ ಭಾಗ ಓದಿ. ವಿಸರ್ಜನೆಯನ್ನೇ ಕೇಳದೆ “2021-22ನೇ ಸಾಲಿನ ಲಾಭದಲ್ಲಿ ನನ್ನ ಪಾಲು ಕೊಡಿಸಿ”, “ನಾನು ಅಂಗಡಿಗೆ ಹೋಗಿ ವ್ಯವಹಾರ ನೋಡಲು ಅಡ್ಡಿ ಮಾಡದಂತೆ ತಡೆಯಾಜ್ಞೆ ಕೊಡಿ” ಎಂದಷ್ಟೇ ಇದ್ದರೆ ಅದು ನಡೆಯುತ್ತಿರುವ ಫರ್ಮಿನ ಕರಾರಿನ ಹಕ್ಕು. ಅದಕ್ಕೆ 69(1) ನೇರವಾಗಿ ಅಡ್ಡ ಬರುತ್ತದೆ. ಫರ್ಮ್ ನೋಂದಣಿಯಾಗಿದ್ದರೂ ದಾವೆ ಹಾಕಿದವನ ಹೆಸರು ಫರ್ಮ್‌ಗಳ ರಿಜಿಸ್ಟರ್‌ನಲ್ಲಿ ಪಾಲುದಾರ ಎಂದು ಇರಲೇಬೇಕು. 2008ರಲ್ಲಿ ನೋಂದಣಿಯಾದ ಫರ್ಮಿಗೆ 2015ರ ಪುರವಣಿ ಕರಾರಿನಿಂದ ಸೇರಿದವನ ಹೆಸರನ್ನು ಎಷ್ಟೋ ಸಲ ಯಾರೂ ಸೇರಿಸಿರುವುದಿಲ್ಲ. ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಿಂದ ರಿಜಿಸ್ಟರಿನ ದೃಢೀಕೃತ ನಕಲನ್ನು ಮೊದಲ ವಾರವೇ ತೆಗೆಸಿಡಿ.

ಗಡಿಭಾಗದ ಒಂದು ಮಾತು. ನಮ್ಮ ಕಡೆಯ ಎಷ್ಟೋ ಫರ್ಮುಗಳ ಇನ್ನೊಂದು ಕಾಲು ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರದಲ್ಲಿರುತ್ತದೆ. ಮಹಾರಾಷ್ಟ್ರ 1984ರಲ್ಲಿ 69(2ಎ) ಎಂಬ ತಿದ್ದುಪಡಿ ತಂದು, ನೋಂದಣಿಯಾಗದ ಫರ್ಮಿನ ವಿಸರ್ಜನೆ ದಾವೆಗೂ ತಡೆ ಹಾಕಿತ್ತು. ವಿ. ಸುಬ್ರಮಣಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಅದನ್ನು ರದ್ದು ಮಾಡಿದೆ. ಹಳೆಯ ಮರಾಠಿ ನಮೂನೆ ಪುಸ್ತಕ ಇಟ್ಟುಕೊಂಡು ಲಿಖಿತ ಹೇಳಿಕೆ ಬರೆಯುವವರು ಈಗಲೂ ಆ ಉಪಕಲಂ ಎತ್ತುತ್ತಾರೆ. ಎತ್ತಬೇಡಿ.

ಇನ್ನು ಮುಖ್ಯ ವಿಷಯ. ಪಾಲುದಾರಿಕೆ ದಾವೆ ಸಾಲ ವಸೂಲಿಯ ದಾವೆಯಂತಲ್ಲ. ಇಲ್ಲಿ ಲೆಕ್ಕ ಆಗಲೇಬೇಕು, ಲೆಕ್ಕ ಆದಮೇಲೆ ಬಾಕಿ ಯಾರ ಕಡೆಗೆ ನಿಲ್ಲುತ್ತದೋ ಮೊದಲೇ ಹೇಳಲಾಗದು. ಪ್ರತಿವಾದಿಯೂ ಒಂದು ರೀತಿಯಲ್ಲಿ ವಾದಿಯೇ. ಪ್ಲೇಂಟು ತಿರಸ್ಕಾರವಾದರೂ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ; ಮುಂದೆ ಬರುವ ಆದೇಶ, ನಿಯಮಗಳೆಲ್ಲ ಇದರವೇ) ಆದೇಶ 7 ನಿಯಮ 13ರ ಪ್ರಕಾರ ಅವಧಿಯೊಳಗೆ ಹೊಸ ಪ್ಲೇಂಟು ಹಾಕಬಹುದು. ಸರಿಪಡಿಸಬಹುದಾದ ತಪ್ಪನ್ನು ಮೊದಲ ತಾರೀಖಿಗೇ ತೋರಿಸಿಕೊಟ್ಟರೆ ಎದುರಿನವರ ಕರಡನ್ನು ನೀವೇ ತಿದ್ದಿಕೊಟ್ಟಂತಾಗುತ್ತದೆ. ಆದ್ದರಿಂದ ದೋಷ ಕಂಡ ತಕ್ಷಣ ಅರ್ಜಿ ಬರೆಯಲು ಕೂರಬೇಡಿ. ಇದು ದಾವೆಯನ್ನು ಮುಗಿಸುವ ದೋಷವೋ, ತಿದ್ದುಪಡಿಯಿಂದ ಮಾಯುವ ದೋಷವೋ ಎಂದು ವಿಂಗಡಿಸಿ. ಎರಡನೆಯದಾದರೆ, ಅದು ಮಾಯುವುದರಿಂದ ನಿಮಗೇನು ಲಾಭ ಎಂದು ಕೇಳಿಕೊಳ್ಳಿ.

ವಿಸರ್ಜನೆ ಯಾವತ್ತು ಆಯಿತು?

ಪ್ಲೇಂಟಿನಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು. ಪಾಲುದಾರಿಕೆ ಮುರಿಯಲು ಕಾಯ್ದೆಯಲ್ಲಿ ಬೇರೆ ಬೇರೆ ದಾರಿಗಳಿವೆ. ಎಲ್ಲರ ಒಪ್ಪಿಗೆಯಿಂದ ಆದರೆ ಕಲಂ 40. ಅವಧಿ ಮುಗಿದು, ಹಿಡಿದ ಕೆಲಸ ಮುಗಿದು, ಪಾಲುದಾರ ತೀರಿಕೊಂಡು ಅಥವಾ ದಿವಾಳಿಯಾಗಿ ಮುರಿದರೆ ಕಲಂ 42. ಅವಧಿ ನಿಗದಿಯಾಗದ, ಇಚ್ಛಾನುಸಾರದ ಪಾಲುದಾರಿಕೆಯಾದರೆ ಉಳಿದ ಎಲ್ಲ ಪಾಲುದಾರರಿಗೂ ಲಿಖಿತ ನೋಟಿಸು ಕೊಟ್ಟು ಕಲಂ 43ರ ಕೆಳಗೆ ಮುರಿಯಬಹುದು. ಇವೆಲ್ಲ ಕೋರ್ಟಿಗೆ ಬರುವ ಮೊದಲೇ ಆಗಿಹೋದ ವಿಸರ್ಜನೆ. ಕೋರ್ಟೇ ವಿಸರ್ಜಿಸಬೇಕು ಎಂದು ಕೇಳುವುದು ಕಲಂ 44. ಅದಕ್ಕೆ (ಎ)ಯಿಂದ (ಜಿ)ವರೆಗೆ ಕಾರಣಗಳಿವೆ: ಬುದ್ಧಿ ಸ್ಥಿಮಿತ ತಪ್ಪುವುದು, ಶಾಶ್ವತ ಅಸಮರ್ಥತೆ, ವ್ಯಾಪಾರಕ್ಕೆ ಕುಂದು ತರುವ ನಡತೆ, ಕರಾರನ್ನು ಬೇಕೆಂದೇ ಮತ್ತೆ ಮತ್ತೆ ಮುರಿಯುವುದು, ಪೂರ್ತಿ ಹಿತಾಸಕ್ತಿ ಮೂರನೆಯವರಿಗೆ ವರ್ಗಾಯಿಸುವುದು, ನಷ್ಟವಿಲ್ಲದೆ ವ್ಯಾಪಾರ ನಡೆಸಲಾಗದ ಸ್ಥಿತಿ, ಮತ್ತು ಕೋರ್ಟಿಗೆ ನ್ಯಾಯಸಮ್ಮತ ಎನಿಸುವ ಬೇರೆ ಕಾರಣ. ಇದರಲ್ಲಿ (ಬಿ)ಯಿಂದ (ಇ)ವರೆಗಿನವು ದಾವೆ ಹಾಕಿದವನನ್ನು ಬಿಟ್ಟು ಬೇರೆ ಪಾಲುದಾರನ ತಪ್ಪು ಅಥವಾ ಅಸಮರ್ಥತೆಯಾಗಿರಬೇಕು. ತನ್ನದೇ ಕಾಯಿಲೆಯನ್ನು ಮುಂದಿಟ್ಟು (ಬಿ) ಕೆಳಗೆ ಬರಲು ವಾದಿಗೆ ಆಗುವುದಿಲ್ಲ.

ಬಹಳಷ್ಟು ಪ್ಲೇಂಟುಗಳು ಈ ಎರಡು ದಾರಿಗಳನ್ನು ಕಲಸಿಬಿಡುತ್ತವೆ. ಆರನೆಯ ಪ್ಯಾರಾದಲ್ಲಿ “ನೋಟಿಸು ಕೊಟ್ಟು ಪಾಲುದಾರಿಕೆ ವಿಸರ್ಜಿಸಲಾಗಿದೆ” ಎಂದಿರುತ್ತದೆ, ಪ್ರಾರ್ಥನೆಯಲ್ಲಿ “ಫರ್ಮನ್ನು ವಿಸರ್ಜಿಸಬೇಕು” ಎಂದಿರುತ್ತದೆ. ಬರೀ ಭಾಷೆಯ ತಪ್ಪು ಎಂದು ಬಿಡುವಂತಿಲ್ಲ. ವಿಸರ್ಜನೆಯಾದ ಫರ್ಮಿನ ಲೆಕ್ಕ ಮತ್ತು ಲಾಭದ ಪಾಲು ಕೇಳಲು ಕಾಲಮಿತಿ ಕಾಯ್ದೆಯ 5ನೇ ಅನುಚ್ಛೇದ ವಿಸರ್ಜನೆಯ ದಿನದಿಂದ 3 ವರ್ಷ ಕೊಡುತ್ತದೆ. ಫರ್ಮ್ ಇನ್ನೂ ಜೀವಂತ ಇದೆ ಎಂದರೆ ಆ ಗಡಿಯಾರ ಶುರುವೇ ಆಗಿಲ್ಲ. ಆರನೆಯ ಪ್ಯಾರಾ ಒಪ್ಪಿದರೆ ಗಡಿಯಾರ ಓಡುತ್ತಿದೆ, ಪ್ರಾರ್ಥನೆ ಒಪ್ಪಿದರೆ ನಿಂತಿದೆ.

ಒಂದು ಲೆಕ್ಕ ಹತ್ತಿರದಿಂದ ನೋಡೋಣ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ, ಮೂವರು ಪಾಲುದಾರರು, ಕರಾರಿನಲ್ಲಿ ಅವಧಿ ಇಲ್ಲ. ವಾದಿ 14-3-2019ರಂದು ನೋಟಿಸು ಕಳಿಸಿದ. ನೋಟಿಸಿನಲ್ಲಿ ವಿಸರ್ಜನೆಯ ದಿನಾಂಕ ಬರೆದಿಲ್ಲ, ಹಾಗಾಗಿ ತಲುಪಿದ ದಿನವೇ ವಿಸರ್ಜನೆಯ ದಿನ. ಇಬ್ಬರಿಗೂ 18-3-2019ಕ್ಕೆ ತಲುಪಿತು ಎಂದು ಪ್ಲೇಂಟೇ ಹೇಳುತ್ತದೆ. ದಾವೆ ದಾಖಲಾದದ್ದು 20-11-2023. ಬೆರಳೆಣಿಸಿದರೆ 18-3-2022ಕ್ಕೆ ಮುಗಿದುಹೋಯಿತು, ಅವಧಿ ಮೀರಿದ ದಾವೆ ಎಂದು ಅರ್ಜಿ ಬರೆಯುವ ಆಸೆಯಾಗುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಹೊರಡಿಸಿ, ಕೊನೆಗೆ 10-1-2022ರಂದು ನಿಗದಿಪಡಿಸಿದ ಆದೇಶದಂತೆ 15-3-2020ರಿಂದ 28-2-2022ರವರೆಗಿನ ಕಾಲವನ್ನು ಕಾಲಮಿತಿಯ ಎಣಿಕೆಯಿಂದ ಬಿಡಬೇಕು. ಅದು 716 ದಿನ. ಆ ದಿನಗಳನ್ನು ಸೇರಿಸಿದರೆ ಕೊನೆಯ ದಿನ 2024ರ ಮಾರ್ಚ್ ಮೊದಲ ವಾರಕ್ಕೆ ಹೋಗುತ್ತದೆ. ದಾವೆ ಅವಧಿಯೊಳಗೇ ಇದೆ. ಅದೇ ದಾವೆ 2024ರ ಜೂನ್‌ನಲ್ಲಿ ಬಂದಿದ್ದರೆ, ಮಧ್ಯಸ್ಥಿಕೆಯ ಅವಧಿಯಂಥ ಬೇರೆ ವಿನಾಯಿತಿ ಏನೂ ಇಲ್ಲದಿದ್ದರೆ, ಪ್ಲೇಂಟಿನ ಮಾತಿನಿಂದಲೇ ಅವಧಿ ಮೀರಿದೆ ಎಂದು ತೋರಿಸಬಹುದಿತ್ತು. ವಿನಾಯಿತಿ ಬೇಕಾದರೆ ಅದರ ಆಧಾರವನ್ನು ಪ್ಲೇಂಟಿನಲ್ಲೇ ಹೇಳಬೇಕು ಎನ್ನುತ್ತದೆ ಆದೇಶ 7 ನಿಯಮ 6.

ಈಗ ಇದೇ ಉದಾಹರಣೆಯಲ್ಲಿ ಒಂದು ಬದಲಾವಣೆ. ಮೂರನೆಯ ಪಾಲುದಾರನ ಲಕೋಟೆ “ವಿಳಾಸದಲ್ಲಿ ಇಲ್ಲ” ಎಂದು ವಾಪಸು ಬಂದಿದೆ. ನೋಟಿಸು ಎಲ್ಲರಿಗೂ ಮುಟ್ಟಿಲ್ಲ, ಕಲಂ 43ರ ವಿಸರ್ಜನೆ ಊರ್ಜಿತವಲ್ಲ ಎಂದು ಪ್ರತಿವಾದಿಗಳು ಒಂದು ಪ್ಯಾರಾ ಬರೆಯುತ್ತಾರೆ. ಅದರ ಕೆಳಗೇ ಅವಧಿ ಮೀರಿದೆ ಎಂದು ಇನ್ನೊಂದು ಪ್ಯಾರಾ. ಮೊದಲನೆಯದು ಗೆದ್ದರೆ ಎರಡನೆಯದು ಸತ್ತಿತು. ನೋಟಿಸು ಊರ್ಜಿತವಲ್ಲದಿದ್ದರೆ 2019ರಲ್ಲಿ ವಿಸರ್ಜನೆಯೇ ಆಗಿಲ್ಲ, 3 ವರ್ಷದ ಎಣಿಕೆ ಹುಟ್ಟಿಲ್ಲ. ಬನಾರಸಿ ದಾಸ್ ಪ್ರಕರಣದಲ್ಲಿ 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಪ್ಲೇಂಟನ್ನೇ ನೋಟಿಸು ಎಂದು ಹಿಡಿದರೂ ಅದು ಎಲ್ಲ ಪ್ರತಿವಾದಿಗಳಿಗೂ ಸಮನ್ಸಿನೊಂದಿಗೆ ತಲುಪಿದಾಗಲೇ ವಿಸರ್ಜನೆ. ಅಂದರೆ ನೋಟಿಸಿನ ದೋಷ ಎತ್ತಿದ ಪ್ರತಿವಾದಿ ವಾದಿಯ ದಾವೆಗೆ ಹೊಸ ಜೀವ ಕೊಡುತ್ತಾನೆ. ಎರಡರಲ್ಲಿ ಒಂದನ್ನು ಆರಿಸಿ. ಪರ್ಯಾಯವಾಗಿ ಎರಡನ್ನೂ ಹೇಳಲು ಕಾನೂನಿನ ಅಡ್ಡಿಯಿಲ್ಲ, ಆದರೆ ತಿರಸ್ಕಾರದ ಅರ್ಜಿಯಲ್ಲಿ ಅವೆರಡೂ ಒಟ್ಟಿಗೆ ನಿಲ್ಲುವುದಿಲ್ಲ.

ನಿವೃತ್ತಿಯ ಗೊಂದಲವೂ ಇದೇ ಜಾತಿಯದು. “ನಾನು 31-3-2020ಕ್ಕೆ ಫರ್ಮಿನಿಂದ ನಿವೃತ್ತನಾದೆ” ಎಂದು ಬರೆದು, ಕೆಳಗೆ ಫರ್ಮ್ ವಿಸರ್ಜಿಸಿ ಎಂದು ಕೇಳುವ ಪ್ಲೇಂಟುಗಳಿವೆ. ಮೂವರಲ್ಲಿ ಒಬ್ಬ ನಿವೃತ್ತನಾದರೆ ಉಳಿದಿಬ್ಬರ ಫರ್ಮ್ ಮುಂದುವರಿಯುತ್ತದೆ. ಹೊರಗೆ ಹೋದವನ ಲೆಕ್ಕ ತೀರದಿದ್ದರೆ ಅವನಿಗೆ ಕಲಂ 37ರಲ್ಲಿ ಲಾಭದ ಪಾಲು ಅಥವಾ ವರ್ಷಕ್ಕೆ ಶೇ. 6 ಬಡ್ಡಿ, ಯಾವುದು ಬೇಕೋ ಆರಿಸುವ ಹಕ್ಕಿದೆ. ವಿಸರ್ಜನೆ ಕೇಳುವ ಹಕ್ಕಿಲ್ಲ. ಇಬ್ಬರದೇ ಫರ್ಮಾದರೆ ಮಾತು ಬೇರೆ, ಒಬ್ಬ ಹೋದರೆ ಪಾಲುದಾರಿಕೆ ಉಳಿಯುವುದೇ ಇಲ್ಲ. ತೀರಿಕೊಂಡ ಪಾಲುದಾರನ ವಾರಸುದಾರರು ಹಾಕಿದ ದಾವೆಯಾದರೆ, ಸಾವಿನ ನಂತರವೂ ಫರ್ಮ್ ಮುಂದುವರಿಯಬೇಕೆಂಬ ಷರತ್ತು ಕರಾರಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಪ್ಲೇಂಟು ಹೇಳಿದೆಯೇ ನೋಡಿ. ಆ ಷರತ್ತು ಇದ್ದರೆ ಸಾವಿನಿಂದ ವಿಸರ್ಜನೆಯಾಗದು.

ತಿರಸ್ಕಾರದ ಅರ್ಜಿ ಎಷ್ಟು ದೂರ ಹೋಗುತ್ತದೆ

ಆದೇಶ 7 ನಿಯಮ 11ರ ಅರ್ಜಿಯಲ್ಲಿ ಕೋರ್ಟು ಓದುವುದು ಪ್ಲೇಂಟು ಮತ್ತು ಅದರ ಜೊತೆಗಿನ ದಾಖಲೆಗಳನ್ನು ಮಾತ್ರ. ಅಲ್ಲಿ ಬರೆದದ್ದೆಲ್ಲ ಸತ್ಯ ಎಂದೇ ಹಿಡಿದು ಓದುತ್ತದೆ. ನಿಮ್ಮ ಲಿಖಿತ ಹೇಳಿಕೆ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟು, ನಿಮ್ಮ ಕೀರ್ದಿ ಖಾತೆ ಯಾವುದೂ ಲೆಕ್ಕಕ್ಕಿಲ್ಲ. ಸಲೀಂ ಭಾಯಿ ಪ್ರಕರಣದಿಂದ (2003) ದಹಿಬೆನ್ ಪ್ರಕರಣದವರೆಗೆ (2020) ಸುಪ್ರೀಂ ಕೋರ್ಟ್ ಹೇಳುತ್ತ ಬಂದದ್ದು ಇದನ್ನೇ. ಆದರೂ ಅರ್ಜಿಯ ಅಫಿಡವಿಟ್ಟಿನಲ್ಲಿ ಎಂಟು ಪುಟ ತಮ್ಮ ಕಥೆ ಬರೆಯುವುದನ್ನು ಜನ ಬಿಟ್ಟಿಲ್ಲ. ಅಫಿಡವಿಟ್ಟು ಎರಡು ಪುಟ ಸಾಕು: ಪ್ಲೇಂಟಿನ ಪ್ಯಾರಾ ನಂಬರು, ಅಲ್ಲಿನ ಪದಗಳು ಇದ್ದಹಾಗೇ, ಆ ಪದಗಳಿಂದ ನಿಯಮ 11ರ ಯಾವ ಉಪನಿಯಮ ಅನ್ವಯಿಸುತ್ತದೆ ಎಂಬ ಒಂದು ಸಾಲು. ಕುಶಲ ಕರಡಿನಿಂದ ವ್ಯಾಜ್ಯಕಾರಣದ (ದಾವೆ ಹಾಕುವ ಹಕ್ಕು ಹುಟ್ಟಿಸುವ ಸಂಗತಿಗಳ) ಭ್ರಮೆ ಹುಟ್ಟಿಸಿದ್ದರೆ ಅದನ್ನು ಆರಂಭದಲ್ಲೇ ಚಿವುಟಬೇಕು ಎಂದು ಹೇಳಿದ 1977ರ ಅರಿವಂದಾನಂ ಪ್ರಕರಣ ಕರ್ನಾಟಕದಿಂದಲೇ ಹೋದದ್ದು. ಅದನ್ನು ಉಲ್ಲೇಖಿಸುವ ಮುನ್ನ ಭ್ರಮೆ ಎಲ್ಲಿದೆ ಎಂದು ಪ್ಯಾರಾ ಸಮೇತ ತೋರಿಸಲು ಸಿದ್ಧರಿರಿ.

ಹಿಂದೆ ಇದೇ ಪಾಲುದಾರರ ನಡುವೆ ಒಂದು ದಾವೆ ನಡೆದು ತೀರ್ಮಾನವಾಗಿದ್ದರೆ, ಪೂರ್ವನಿರ್ಣಯದ (ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಎತ್ತುವಂತಿಲ್ಲ ಎಂಬ ನಿಯಮದ) ಆಧಾರದ ಮೇಲೆ ಈಗಿನ ಪ್ಲೇಂಟು ತಿರಸ್ಕರಿಸಿ ಎಂದು ಕೇಳುವುದೂ ಸಾಮಾನ್ಯ. ಬೆಳಗಾವಿಯ ಕೋರ್ಟಿನಲ್ಲಿ ಹುಟ್ಟಿ ಸುಪ್ರೀಂ ಕೋರ್ಟಿಗೆ ಹೋದ ಶ್ರೀಹರಿ ಹನುಮಾನದಾಸ ತೊತಲಾ ಪ್ರಕರಣದಲ್ಲಿ 2021ರಲ್ಲಿ ಇದಕ್ಕೆ ಉತ್ತರ ಬಂದಿದೆ. ಹಿಂದಿನ ದಾವೆಯ ಪ್ಲೇಂಟು, ಹೇಳಿಕೆ, ವಿವಾದಾಂಶ (ಕೋರ್ಟು ತೀರ್ಮಾನಿಸಲು ಬರೆದುಕೊಂಡ ಪ್ರಶ್ನೆಗಳು), ತೀರ್ಪು ಎಲ್ಲ ತೆರೆದು ನೋಡಬೇಕಾದ ಪ್ರಶ್ನೆಯನ್ನು ಪ್ಲೇಂಟಿನ ಮುಖ ನೋಡಿ ತೀರ್ಮಾನಿಸಲಾಗದು. ಅಂಥದ್ದನ್ನು ಲಿಖಿತ ಹೇಳಿಕೆಯಲ್ಲಿ ಎತ್ತಿ, ಆದೇಶ 14 ನಿಯಮ 2ರಲ್ಲಿ ಪ್ರಾಥಮಿಕ ವಿವಾದಾಂಶವಾಗಿ ಮೊದಲು ವಿಚಾರಿಸಿ ಎಂದು ಕೇಳಬೇಕು.

ಇನ್ನೊಂದು ಮಿತಿ: ಪ್ಲೇಂಟನ್ನು ಅರ್ಧ ತಿರಸ್ಕರಿಸಲು ಬರುವುದಿಲ್ಲ. ವಿಸರ್ಜನೆಯ ಕೋರಿಕೆ ನಿಲ್ಲುತ್ತದೆ, ಪರಿಹಾರದ ಕೋರಿಕೆ ನಿಲ್ಲುವುದಿಲ್ಲ ಎಂದರೆ ನಿಯಮ 11 ಕೆಲಸ ಮಾಡದು. ಅಲ್ಲಿ ಬೇಕಾದದ್ದು ಆದೇಶ 6 ನಿಯಮ 16. ಅನಗತ್ಯ, ಅವಮಾನಕರ, ಕಿರುಕುಳಕ್ಕೆಂದೇ ಬರೆದ, ನ್ಯಾಯಯುತ ವಿಚಾರಣೆಗೆ ತೊಡಕು ತರುವ ಭಾಗವನ್ನು ಹೊಡೆದುಹಾಕಿಸಬಹುದು. ಅಣ್ಣತಮ್ಮಂದಿರ, ಬೀಗರ ಫರ್ಮುಗಳ ದಾವೆಯಲ್ಲಿ ಮನೆ ಜಗಳ, ಮದುವೆ ಖರ್ಚು, ಕುಡಿತದ ಆರೋಪ ಪುಟಗಟ್ಟಲೆ ಬಂದಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಪಾಟೀಸವಾಲಿನಲ್ಲಿ ಅದೇ ಬರುತ್ತದೆ, ಮನೆಯ ಹೆಣ್ಣುಮಕ್ಕಳನ್ನೂ ಸಾಕ್ಷಿ ಕಟ್ಟೆಗೆ ಎಳೆಯುತ್ತಾರೆ. ಈ ಅರ್ಜಿಯನ್ನು ಹಾಕಲು ಹಿಂಜರಿಯಬೇಡಿ ಎಂದೇ ಹೇಳುತ್ತೇನೆ.

“ಲಕ್ಷಾಂತರ ರೂಪಾಯಿ ಲಪಟಾಯಿಸಿದ್ದಾರೆ”

ಪಾಲುದಾರಿಕೆ ಪ್ಲೇಂಟಿನ ಒಂದು ಪ್ಯಾರಾ ಸಾಮಾನ್ಯವಾಗಿ ಹೀಗಿರುತ್ತದೆ: “ಪ್ರತಿವಾದಿ ನಂ. 1 ಇವರು ಫರ್ಮಿನ ವ್ಯವಹಾರದಲ್ಲಿ ಮೋಸ ಮಾಡಿ, ಸುಳ್ಳು ಲೆಕ್ಕ ಬರೆದು, ವಾದಿಗೆ ಲೆಕ್ಕ ತೋರಿಸದೆ ಲಕ್ಷಾಂತರ ರೂಪಾಯಿ ಲಪಟಾಯಿಸಿರುತ್ತಾರೆ.” ಆದೇಶ 6 ನಿಯಮ 4ರ ಎದುರು ಈ ವಾಕ್ಯಕ್ಕೆ ಬೆಲೆಯಿಲ್ಲ. ಮೋಸ, ವಿಶ್ವಾಸದ್ರೋಹ, ಬೇಕೆಂದೇ ಮಾಡಿದ ಲೋಪ ಎಂದು ಹೇಳುವವನು ದಿನಾಂಕ ಮತ್ತು ಬಾಬ್ತು ಸಮೇತ ಹೇಳಬೇಕು. ಸರಿಯಾದ ಪ್ಯಾರಾ ಹೇಗಿರುತ್ತದೆಂದರೆ: ಇಂಥ ದಿನ, ಇಂಥ ಗಿರಾಕಿಗೆ, ಇಂಥ ಬಿಲ್ಲಿನ ಮೇಲೆ ಇಷ್ಟು ಟನ್ ಎರಕದ ಮಾಲು ಹೋಯಿತು, ಹಣ ಫರ್ಮಿನ ಖಾತೆಗೆ ಬರದೆ ಪ್ರತಿವಾದಿಯ ಸ್ವಂತ ಖಾತೆಗೆ ಇಂಥ ದಿನ ಜಮಾ ಆಯಿತು, ಫರ್ಮಿನ ಕೀರ್ದಿಯಲ್ಲಿ ಆ ದಿನದ ಪುಟದಲ್ಲಿ ನಮೂದಿಲ್ಲ.

ಇಲ್ಲಿ ಇಬ್ಬರೂ ಒಂದೊಂದು ತಪ್ಪು ಮಾಡುತ್ತಾರೆ. ಪ್ರತಿವಾದಿ ಹೆಚ್ಚಿನ ವಿವರ ಕೊಡಿಸಿ ಎಂದು ಆದೇಶ 6 ನಿಯಮ 5ರ ಕೆಳಗೆ ಅರ್ಜಿ ಹಾಕುತ್ತಾನೆ. ಆ ನಿಯಮ 1-7-2002ರಿಂದ ಇಲ್ಲವೇ ಇಲ್ಲ. ಸಾಮಾನ್ಯ ದಾವೆಯಲ್ಲಿ ಈಗ ಉಳಿದಿರುವ ದಾರಿ ಆದೇಶ 11: ಪ್ರಶ್ನಾವಳಿ, ದಾಖಲೆ ಬಹಿರಂಗ, ಮತ್ತು ಜನ ಬಹಳ ಕಡಿಮೆ ಬಳಸುವ ನಿಯಮ 15. ಪ್ಲೇಂಟಿನಲ್ಲಿ ಉಲ್ಲೇಖಿಸಿದ ಯಾವುದೇ ದಾಖಲೆಯನ್ನು ತೋರಿಸಿ ಎಂದು ಎದುರು ವಕೀಲರಿಗೆ ನೋಟಿಸು ಕೊಡಬಹುದು. 10 ದಿನದೊಳಗೆ ಅವರು ನೋಡುವ ಸಮಯ ತಿಳಿಸಬೇಕು. ಸಾಕಷ್ಟು ಕಾರಣವಿಲ್ಲದೆ ತೋರಿಸದಿದ್ದರೆ ಮುಂದೆ ಆ ದಾಖಲೆಯನ್ನು ತಮ್ಮ ಪರವಾಗಿ ಸಾಕ್ಷ್ಯಕ್ಕೆ ತರಲು ಅವರಿಗೆ ಸುಲಭವಲ್ಲ. ಕೋರ್ಟಿನ ಶುಲ್ಕವಿಲ್ಲ, ತಾರೀಖು ಕಾಯುವ ಕೆಲಸವಿಲ್ಲ. ವಾದಿಯ ತಪ್ಪು ಇನ್ನೊಂದು: ಲೆಕ್ಕದ ಪುಸ್ತಕಗಳೆಲ್ಲ ಪ್ರತಿವಾದಿಯ ಕೈಯಲ್ಲಿದ್ದಾಗ ತನಗೆ ಗೊತ್ತಿರುವ ಒಂದೆರಡು ಬಾಬ್ತನ್ನೂ ಬರೆಯದೆ ಬಿಡುವುದು. ಪುಸ್ತಕ ಎದುರಿನವರ ಬಳಿ ಇದೆ ಎಂಬ ಸಮಜಾಯಿಷಿಯನ್ನು ಕೋರ್ಟು ಒಪ್ಪುತ್ತದೆ, ಆದರೆ ಪ್ಲೇಂಟಿನಲ್ಲಿ ಅದನ್ನು ಹೇಳಿರಬೇಕು, ಯಾವ ಯಾವ ಪುಸ್ತಕ ಎಂದೂ ಹೇಳಿರಬೇಕು.

ಒಂದು ಸಮಾಧಾನದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಮೋಸದ ವಿವರ ಇಲ್ಲ ಎಂಬುದರಿಂದ ವಿಸರ್ಜನೆ ದಾವೆ ಬೀಳುವುದಿಲ್ಲ. ಬಾಕಿ ಮೊತ್ತ ಖಚಿತವಾಗಿ ಹೇಳಿಲ್ಲ ಎಂಬುದರಿಂದಲೂ ಬೀಳುವುದಿಲ್ಲ. ತೀರದ ಲೆಕ್ಕದ ದಾವೆಯಲ್ಲಿ ಅಂದಾಜು ಮೊತ್ತ ಸಾಕು ಎಂದು ಆದೇಶ 7 ನಿಯಮ 2 ತಾನೇ ಹೇಳುತ್ತದೆ.

ಪಕ್ಷಕಾರರು, ಆಸ್ತಿಯ ಪಟ್ಟಿ

ಎಲ್ಲ ಪಾಲುದಾರರೂ ದಾವೆಯಲ್ಲಿ ಇರಲೇಬೇಕು. ಒಬ್ಬನನ್ನು ಬಿಟ್ಟು ಲೆಕ್ಕ ಮಾಡಲು ಬರುವುದಿಲ್ಲ. ಹಣ ಹಾಕಿ ವ್ಯವಹಾರಕ್ಕೆ ಬಾರದ ಪಾಲುದಾರನೂ ಪಾಲುದಾರನೇ, ತೀರಿಕೊಂಡವನ ವಾರಸುದಾರರಲ್ಲಿ ಮದುವೆಯಾಗಿ ಹೋದ ಹೆಣ್ಣುಮಗಳೂ ವಾರಸುದಾರಳೇ. ಎರಡನೆಯದನ್ನು ನಮ್ಮ ಕಡೆ ಬಹಳ ಮರೆಯುತ್ತಾರೆ. ಅವಶ್ಯಕ ಪಕ್ಷಕಾರ ಇಲ್ಲದಿರುವುದು ದೊಡ್ಡ ದೋಷ, ಆದರೆ ಆದೇಶ 1 ನಿಯಮ 10ರಲ್ಲಿ ಸೇರಿಸಿದರೆ ಮಾಯುತ್ತದೆ. ಆಕ್ಷೇಪಣೆಯನ್ನು ಆದಷ್ಟು ಬೇಗ, ವಿವಾದಾಂಶ ರಚನೆಯ ಹೊತ್ತಿಗಾದರೂ ಎತ್ತದಿದ್ದರೆ ನಿಯಮ 13ರಂತೆ ಬಿಟ್ಟುಕೊಟ್ಟಂತೆ. ಇದನ್ನು ಮಾತ್ರ ಬಚ್ಚಿಟ್ಟುಕೊಳ್ಳಬೇಡಿ. ಮೇಲ್ಮನವಿಯಲ್ಲಿ ಎತ್ತೋಣ ಎಂದು ಕಾದವರು ಹತ್ತು ವರ್ಷದ ಲೆಕ್ಕದ ಡಿಕ್ರಿಯನ್ನು ಕೈಯಾರೆ ಹಾಳು ಮಾಡಿಕೊಳ್ಳುತ್ತಾರೆ.

ಆಸ್ತಿಯ ಪಟ್ಟಿಯನ್ನು ಒಂದೊಂದು ಸಾಲಾಗಿ ಓದಿ. ಸ್ಥಿರಾಸ್ತಿಗೆ ಆದೇಶ 7 ನಿಯಮ 3ರಂತೆ ಗುರುತು ಹಿಡಿಯುವಷ್ಟು ವಿವರ ಬೇಕು: ಆರ್.ಎಸ್. (ಹೊಲದ ಸರ್ವೆ) ನಂಬರು ಅಥವಾ ಸಿ.ಟಿ.ಎಸ್. (ಪಟ್ಟಣದ ಸರ್ವೆ) ನಂಬರು, ಕ್ಷೇತ್ರ, ನಾಲ್ಕು ದಿಕ್ಕಿನ ಚಕ್ಕುಬಂದಿ. ಅದಕ್ಕಿಂತ ಮುಖ್ಯ ಪ್ರಶ್ನೆ: ಆ ಆಸ್ತಿ ಫರ್ಮಿನದು ಹೇಗಾಯಿತು? ಶೆಡ್ಡು ನಿಂತ ಜಾಗ ಒಬ್ಬ ಪಾಲುದಾರನ ಅಪ್ಪನ ಹೆಸರಿನಲ್ಲಿರುತ್ತದೆ, ಉತಾರದಲ್ಲಿ (ಹಕ್ಕಿನ ದಾಖಲೆಯಲ್ಲಿ) ಅದೇ ಹೆಸರು ನಡೆದು ಬಂದಿರುತ್ತದೆ, ಪ್ಲೇಂಟು ಮಾತ್ರ ಅದನ್ನು ಫರ್ಮಿನ ಆಸ್ತಿ ಎಂದು ಪಟ್ಟಿಗೆ ಹಾಕಿರುತ್ತದೆ. ಪಾಲುದಾರಿಕೆ ಕಾಯ್ದೆಯ ಕಲಂ 14ರಂತೆ ಅದು ಬಂಡವಾಳವಾಗಿ ಫರ್ಮಿಗೆ ಬಂತೇ, ಫರ್ಮಿನ ಹಣದಿಂದ ಖರೀದಿಯಾಯಿತೇ ಎಂಬ ಸಂಗತಿ ಬರೆದಿಲ್ಲದಿದ್ದರೆ ಆ ಬಾಬ್ತಿಗೆ ತಳಹದಿಯೇ ಇಲ್ಲ. ಚರಾಸ್ತಿಯಲ್ಲೂ ಹೀಗೇ. ಇಳಕಲ್ಲಿನ ಗ್ರಾನೈಟ್ ಫರ್ಮಾದರೆ ಬ್ಲಾಕುಗಳ ನಂಬರು ಮತ್ತು ಅಳತೆ, ಗಣಿ ಗುತ್ತಿಗೆ ಯಾರ ಹೆಸರಿನಲ್ಲಿದೆ ಎಂಬುದು. ವಿಜಯಪುರದ ಒಣದ್ರಾಕ್ಷಿ ವ್ಯಾಪಾರವಾದರೆ ಕೋಲ್ಡ್ ಸ್ಟೋರೇಜಿನ ರಸೀದಿ ಯಾರ ಹೆಸರಿಗೆ, ಎಷ್ಟು ಬಾಕ್ಸು. ಬನಹಟ್ಟಿಯ ಸೀರೆ ವ್ಯಾಪಾರವಾದರೆ ಯಾವ ಮಗ್ಗ ಯಾರ ಶೆಡ್ಡಿನಲ್ಲಿ. ಈ ದೋಷವನ್ನು ಅರ್ಜಿಯಲ್ಲಿ ಎತ್ತಬೇಡಿ. ಲಿಖಿತ ಹೇಳಿಕೆಯಲ್ಲಿ ಬಾಬ್ತುವಾರು, ನಿರ್ದಿಷ್ಟವಾಗಿ ಅಲ್ಲಗಳೆಯಿರಿ. “ಪಟ್ಟಿ ಸುಳ್ಳು” ಎಂದು ಒಟ್ಟಾರೆ ಬರೆದರೆ ಆದೇಶ 8ರ ನಿಯಮ 3, 4, 5ರಂತೆ ಒಪ್ಪಿಕೊಂಡಂತೆ ಆಗಬಹುದು.

ಕೋರ್ಟ್ ಫೀ ಮತ್ತು ಕಮರ್ಷಿಯಲ್ ಕೋರ್ಟು

1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆ ಮೌಲ್ಯಮಾಪನ ಕಾಯ್ದೆಯ ಕಲಂ 34ರಂತೆ ವಿಸರ್ಜನೆ ದಾವೆಗೆ ವಾದಿಯು ತನ್ನ ಪಾಲಿಗೆ ಅಂದಾಜು ಮಾಡಿದ ಬೆಲೆಯ ಮೇಲೆ ಶುಲ್ಕ. ಲೆಕ್ಕದಲ್ಲಿ ಹೆಚ್ಚು ಬಂದರೆ ವ್ಯತ್ಯಾಸ ತುಂಬುವವರೆಗೆ ಅಂತಿಮ ಡಿಕ್ರಿ ಇಲ್ಲ. ಪ್ರತಿವಾದಿಗೂ ತನ್ನ ಪಾಲಿನ ಡಿಕ್ರಿ ಬೇಕಾದರೆ ಆ ಪಾಲಿನ ಮೇಲೆ ಶುಲ್ಕ ತುಂಬಬೇಕು. ಕಡಿಮೆ ಮೌಲ್ಯ ತೋರಿಸಿದ್ದಾರೆ ಎಂಬುದಷ್ಟೇ ಆದರೆ ಕೋರ್ಟು ಮೊದಲು ಸರಿಪಡಿಸಲು ಸಮಯ ಕೊಡುತ್ತದೆ, ವಾದಿ ತುಂಬುತ್ತಾನೆ, ದಾವೆ ಮುಂದೆ ಹೋಗುತ್ತದೆ. ಹಾಗಾದರೆ ಎತ್ತುವುದೇಕೆ? 3 ಲಕ್ಷದ ಗೆರೆಯ ಕಾರಣಕ್ಕೆ.

ಪಾಲುದಾರಿಕೆ ಕರಾರಿನ ವಿವಾದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ವಾಣಿಜ್ಯ ವಿವಾದ. 2018ರ ತಿದ್ದುಪಡಿಯಿಂದ 3 ಲಕ್ಷ ರೂಪಾಯಿ ಮತ್ತು ಮೇಲಿನದು ಕಮರ್ಷಿಯಲ್ ಕೋರ್ಟಿಗೆ ಹೋಗಬೇಕು. ಮೂರನೇ ಒಂದು ಪಾಲು, ಕೋಟಿಗಟ್ಟಲೆ ಯಂತ್ರೋಪಕರಣ ಎಂದು ಪ್ಲೇಂಟಿನಲ್ಲೇ ಬರೆದು, ಮೌಲ್ಯ ಮಾತ್ರ 2,90,000 ಎಂದು ತೋರಿಸಿ ಸಾಮಾನ್ಯ ಸಿವಿಲ್ ದಾವೆಯಾಗಿ ಹಾಕುವುದಿದೆ. ಅಲ್ಲಿ ಮೌಲ್ಯದ ಆಕ್ಷೇಪಣೆ ನಿಜಕ್ಕೂ ಕೆಲಸ ಮಾಡುತ್ತದೆ, ಏಕೆಂದರೆ ಕಮರ್ಷಿಯಲ್ ದಾವೆಗೆ ಕಲಂ 12ಎ ಇದೆ. ತುರ್ತು ಮಧ್ಯಂತರ ಪರಿಹಾರ ಕೇಳದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಪಾಟೀಲ್ ಆಟೊಮೇಷನ್ ಪ್ರಕರಣದ ಪ್ರಕಾರ 20-8-2022ರಿಂದ ಹಾಗೆ ಹೋಗದೆ ಹಾಕಿದ ಪ್ಲೇಂಟು ನಿಯಮ 11ರಲ್ಲಿ ತಿರಸ್ಕಾರವಾಗಬೇಕು. ಹೆಸರಿಗೊಂದು ತಡೆಯಾಜ್ಞೆ ಅರ್ಜಿ ಲಗತ್ತಿಸಿ 12ಎ ದಾಟುವ ಉಪಾಯ ಮಾಡಿದ್ದರೆ, ಆ ತುರ್ತು ನಿಜವೋ ವೇಷವೋ ಎಂದು ಕೋರ್ಟು ಪ್ಲೇಂಟಿನಿಂದಲೇ ನೋಡಬಹುದು ಎಂದು 2023ರ ಯಾಮಿನಿ ಮನೋಹರ್ ಪ್ರಕರಣ ಹೇಳಿದೆ. ಕಮರ್ಷಿಯಲ್ ಪ್ಲೇಂಟಿಗೆ ಆದೇಶ 6 ನಿಯಮ 15ಎಯ ಸತ್ಯ ಹೇಳಿಕೆಯೂ ಬೇಕು. ಇಲ್ಲದಿದ್ದರೆ ಅದು ತಿದ್ದಬಹುದಾದ ದೋಷ, ಅದಕ್ಕೆಂದು ಒಂದು ತಾರೀಖು ಹಾಳು ಮಾಡಬೇಡಿ.

ಕಮರ್ಷಿಯಲ್ ದಾವೆಯಲ್ಲಿ ಪ್ರತಿವಾದಿಗೆ ಒಂದು ದೊಡ್ಡ ಅಪಾಯವಿದೆ. ಲಿಖಿತ ಹೇಳಿಕೆಗೆ ಸಮನ್ಸು ಜಾರಿಯಾದ ದಿನದಿಂದ 120 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ತಿರಸ್ಕಾರದ ಅರ್ಜಿ ಬಾಕಿ ಇತ್ತು ಎಂಬ ಕಾರಣ ನಡೆಯುವುದಿಲ್ಲ ಎಂದು 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸಾಮಾನ್ಯ ದಾವೆಯ 90 ದಿನದಲ್ಲಿ ಕೋರ್ಟಿಗೆ ಸ್ವಲ್ಪ ಸಡಿಲಿಕೆ ಇದೆ. ಇಲ್ಲಿ ಇಲ್ಲ. ಅರ್ಜಿ ಎಷ್ಟೇ ಗಟ್ಟಿ ಅನ್ನಿಸಿದರೂ 110ನೇ ದಿನಕ್ಕೆ ಲಿಖಿತ ಹೇಳಿಕೆ ದಾಖಲಾಗಿರಲಿ, ಅರ್ಜಿಯ ಹಕ್ಕು ಕಾದಿರಿಸಿ ಎಂಬ ಒಂದು ಸಾಲಿನೊಂದಿಗೆ.

ಇದೆಲ್ಲಕ್ಕೂ ಮೊದಲು ಕರಾರು ಪತ್ರದ ಕೊನೆಯ ಕಲಮುಗಳಲ್ಲಿ ಪಂಚಾಯ್ತಿಯ (ಆರ್ಬಿಟ್ರೇಷನ್) ಷರತ್ತು ಇದೆಯೇ ನೋಡಿ. ಇದ್ದರೆ 1996ರ ಆರ್ಬಿಟ್ರೇಷನ್ ಕಾಯ್ದೆಯ ಕಲಂ 8ರ ಅರ್ಜಿಯೇ ಮೊದಲ ಕಾಗದ. ವಿವಾದದ ತಿರುಳಿನ ಮೇಲೆ ಮೊದಲ ಹೇಳಿಕೆ ಕೊಡುವ ದಿನದ ನಂತರ ಅದು ಬರುವುದಿಲ್ಲ. ತಡೆಯಾಜ್ಞೆಯ ಅರ್ಜಿಗೆ ಆಕ್ಷೇಪಣೆ ಹಾಕಿದ ಮಾತ್ರಕ್ಕೆ ಆ ಹಕ್ಕು ಹೋಗದು, ಆದರೆ ಲಿಖಿತ ಹೇಳಿಕೆ ಕೊಟ್ಟರೆ ಹೋಯಿತು. ಮೂಲ ಕರಾರು ಅಥವಾ ದೃಢೀಕೃತ ಪ್ರತಿ ಲಗತ್ತಿಸಬೇಕು. ಮೂಲ ಎದುರಿನವರ ಕಪಾಟಿನಲ್ಲಿದ್ದರೆ ನಿಮ್ಮಲ್ಲಿರುವ ಝೆರಾಕ್ಸಿನೊಂದಿಗೆ ಅದನ್ನು ಹಾಜರುಪಡಿಸಲು ಇನ್ನೊಂದು ಅರ್ಜಿ ಹಾಕಿ. ಮೋಸದ ಆರೋಪ ಇದೆ ಎಂಬ ಮಾತ್ರಕ್ಕೆ ವಿವಾದ ಪಂಚಾಯ್ತಿಗೆ ಹೋಗದಿರುವುದಿಲ್ಲ. ಪಾಲುದಾರರ ನಡುವಿನದೇ ಆದ ಅಯ್ಯಾಸಾಮಿ ಪ್ರಕರಣ (2016) ಅದನ್ನು ಸ್ಪಷ್ಟಪಡಿಸಿದೆ.

ಸತ್ಯಾಪನೆಯಲ್ಲಿ (ಬರೆದದ್ದು ನಿಜ ಎಂದು ವಾದಿ ಸಹಿ ಮಾಡುವ ಭಾಗದಲ್ಲಿ) ಸ್ಥಳ ಬರೆದಿಲ್ಲ, ಅಫಿಡವಿಟ್ಟಿನಲ್ಲಿ ಪ್ಯಾರಾ ನಂಬರು ತಪ್ಪಿದೆ, ಮೊತ್ತವನ್ನು ಅಂಕಿಯಲ್ಲಿ ಬರೆದು ಅಕ್ಷರದಲ್ಲಿ ಬರೆದಿಲ್ಲ, ಇಂಥವನ್ನು ಲಿಖಿತ ಹೇಳಿಕೆಯ ಒಂದು ಪ್ಯಾರಾದಲ್ಲಿ ನಮೂದಿಸಿ ಮುಂದೆ ಹೋಗಿ. ವಾದಿ ತಿದ್ದುಪಡಿ ತಂದಾಗ ಆದೇಶ 6 ನಿಯಮ 17 ನೋಡಿ: ವಿಚಾರಣೆ ಶುರುವಾದ ಮೇಲೆ ತಂದರೆ, ಶ್ರದ್ಧೆಯಿಂದ ನಡೆದರೂ ಮೊದಲೇ ತರಲಾಗಲಿಲ್ಲ ಎಂದು ಅವನು ತೋರಿಸಬೇಕು. ಕೆಲವು ದೋಷಗಳನ್ನು ಲಿಖಿತ ಹೇಳಿಕೆಯಲ್ಲಿ ಸ್ಪಷ್ಟವಾಗಿ ಎತ್ತಿಟ್ಟು ಅರ್ಜಿಗೆ ಹೋಗದಿರುವುದರ ಬೆಲೆ ಆಗ ತಿಳಿಯುತ್ತದೆ. ಎತ್ತಿ ತೋರಿಸಿದರೂ ಎರಡು ವರ್ಷ ಸುಮ್ಮನಿದ್ದವನಿಗೆ ಶ್ರದ್ಧೆಯ ಮಾತು ಆಡಲು ಬಾಯಿರುವುದಿಲ್ಲ.

ತಿರಸ್ಕಾರದ ಆದೇಶ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ. ಅರ್ಜಿ ವಜಾ ಆದರೆ ಸಾಮಾನ್ಯ ದಾವೆಯಲ್ಲಿ ಹೈಕೋರ್ಟಿಗೆ ಪುನರೀಕ್ಷಣೆ: ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಕಮರ್ಷಿಯಲ್ ದಾವೆಯಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 8 ಆ ಪುನರೀಕ್ಷಣೆಯನ್ನು ಮುಚ್ಚಿದೆ.

ಯಾವ ಅರ್ಜಿ ಹಾಕಿದರೂ ಅದೇ ದಿನ ಇನ್ನೊಂದನ್ನೂ ಹಾಕಿ: ಕೀರ್ದಿ, ಖಾತೆವಹಿ, ಬಿಲ್ ಪುಸ್ತಕ, ಲೆಕ್ಕದ ಕಂಪ್ಯೂಟರಿನ ಬ್ಯಾಕಪ್ ಎಲ್ಲವನ್ನೂ ಕೋರ್ಟಿಗೆ ಹಾಜರುಪಡಿಸಲು ಅಥವಾ ಆದೇಶ 39 ನಿಯಮ 7ರಂತೆ ಕಮಿಷನರರು ಪಟ್ಟಿ ಮಾಡಿ ಕಾಪಾಡಲು. ಪುಸ್ತಕಗಳು ನಿಮ್ಮ ಬಳಿಯೇ ಇದ್ದರೆ ನೀವೇ ಪುಟ ಎಣಿಸಿ, ಪುಟಕ್ಕೊಂದು ನಂಬರು ಹಾಕಿ, ಪಟ್ಟಿ ಸಮೇತ ಹಾಜರುಪಡಿಸಿ. ಪ್ಲೇಂಟು ಬಿದ್ದರೂ ನಿಂತರೂ ಕೊನೆಗೆ ಆದೇಶ 20 ನಿಯಮ 15ರ ಪ್ರಾಥಮಿಕ ಡಿಕ್ರಿಯ ನಂತರ ಕಮಿಷನರರ ಮೇಜಿನ ಮೇಲೆ ತೆರೆಯುವುದು ಆ ಪುಸ್ತಕಗಳನ್ನೇ.